ಕೀಬೋರ್ಡ್ ಒತ್ತಿದರೂ ಟ್ಯಾಬ್ಲೆಟ್ ಮೌನ! ‘ಮಿಡಿ’ ದಾರಿ ತಪ್ಪುವುದು ಎಲ್ಲಿ?

ಮಿಡಿ ಅಂದ ತಕ್ಷಣ ನಮಗೆ ನೆನಪಾಗುವುದು ಉಪ್ಪಿನಕಾಯಿಯ ಮಾವಿನ ಮಿಡಿ. ತಂತಿ ಮಿಡಿಯುವುದು, ಮನಸ್ಸು ಮಿಡಿಯುವುದು ಆಮೇಲಿನ ಮಾತು. ಆದರೆ ಟ್ಯಾಬ್ಲೆಟ್‌ನಲ್ಲಿ ಸಂಗೀತ ಮಾಡುವವರ ಬಾಯಲ್ಲಿ ಓಡಾಡುವ ‘ಮಿಡಿ’ಯೇ ಬೇರೆ. ಅದು ‘ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್’ ಎಂಬ ಉದ್ದ ಹೆಸರಿನ ಮೊದಲ ಅಕ್ಷರಗಳಿಂದ ಆದದ್ದು.

ಈ ಮಿಡಿಯ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ. ಸಾವಿರಾರು ರೂಪಾಯಿ ಕೊಟ್ಟು ಮಿಡಿ ಕೀಬೋರ್ಡ್ ತಂದಿದ್ದೇವೆ, ಟ್ಯಾಬ್ಲೆಟ್‌ಗೆ ಜೋಡಿಸಿದ್ದೇವೆ, ಎರಡು ಮೂರು ಆ್ಯಪ್ ಹಾಕಿಕೊಂಡಿದ್ದೇವೆ. ಆದರೂ ಕೀ ಒತ್ತಿದರೆ ಸದ್ದೇ ಇಲ್ಲ! ಗ್ರೂಪಿನಲ್ಲಿ ಕೇಳಿದರೆ ಒಬ್ಬರು ಕೇಬಲ್ ಬದಲಿಸಿ ಅನ್ನುತ್ತಾರೆ, ಇನ್ನೊಬ್ಬರು ಹೊಸ ಟ್ಯಾಬ್ಲೆಟ್ ಕೊಳ್ಳಿ ಅನ್ನುತ್ತಾರೆ, ಮತ್ತೊಬ್ಬರು ಕೀಬೋರ್ಡೇ ಕೆಟ್ಟಿದೆ, ವಾಪಸ್ ಕಳಿಸಿ ಅನ್ನುತ್ತಾರೆ.

ಈ ಮೂರೂ ಸಲಹೆಗಳಿಗೆ ದುಡ್ಡು ಖರ್ಚು ಮಾಡುವ ಮೊದಲು ಒಂದು ವಿಷಯ ತಿಳಿದಿರಬೇಕು. ಇಂಥ ಸಂದರ್ಭಗಳಲ್ಲಿ ಹಲವು ಬಾರಿ ಯಾವ ಉಪಕರಣವೂ ಕೆಟ್ಟಿರುವುದಿಲ್ಲ. ಮಿಡಿ ಅಂದರೆ ಸದ್ದು ಎಂಬ ನಮ್ಮ ಊಹೆಯೇ ತಪ್ಪಾಗಿರುತ್ತದೆ.

ಮಿಡಿಯಲ್ಲಿ ಸದ್ದೇ ಇಲ್ಲ!

ನಮ್ಮ ಹೋಟೆಲುಗಳನ್ನು ನೆನಪಿಸಿಕೊಳ್ಳಿ. ಸಪ್ಲೈಯರ್ ಅಡುಗೆಮನೆಯ ಕಡೆ ತಿರುಗಿ “ಒಂದು ಮಸಾಲೆ, ಎರಡು ಕಾಫಿ” ಎಂದು ಕೂಗುತ್ತಾನೆ. ಆ ಕೂಗಿನಲ್ಲಿ ದೋಸೆಯೂ ಇಲ್ಲ, ಕಾಫಿಯೂ ಇಲ್ಲ. ಇರುವುದು ಏನು ಮಾಡಬೇಕೆಂಬ ಆರ್ಡರ್ ಮಾತ್ರ. ದೋಸೆ ಹುಯ್ಯಬೇಕಾದವರು ಒಳಗಿರುವ ಭಟ್ಟರು.

ಮಿಡಿ ಅಂದರೆ ಈ ಕೂಗು. ನೀವು ಕೀಬೋರ್ಡಿನ ಒಂದು ಕೀ ಒತ್ತಿದಾಗ ಹೊರಡುವುದು ಧ್ವನಿಯಲ್ಲ. “ಇಂಥ ಸ್ವರ ಶುರುವಾಗಲಿ, ಇಷ್ಟು ಜೋರಾಗಿ” ಎಂಬ ಪುಟ್ಟ ಸಂದೇಶ. ಬೆರಳು ತೆಗೆದಾಗ “ಆ ಸ್ವರ ನಿಲ್ಲಲಿ” ಎಂಬ ಇನ್ನೊಂದು ಸಂದೇಶ ಹೊರಡುತ್ತದೆ. ಅದನ್ನು ಕೇಳಿಸಿಕೊಂಡು ಸದ್ದು ಹುಟ್ಟಿಸುವ ಕೆಲಸ ಸಿಂಥಸೈಜರ್ ಆ್ಯಪ್‌ನದು. ‘ಮಿಡಿ ಕಂಟ್ರೋಲರ್’ ಎಂದು ಮಾರಾಟವಾಗುವ ಅನೇಕ ಕೀಬೋರ್ಡುಗಳಲ್ಲಿ ಸ್ಪೀಕರ್ ಇರುವುದೇ ಇಲ್ಲ. ಅವು ಬರೀ ಸಪ್ಲೈಯರ್‌ಗಳು, ಒಳಗೆ ಭಟ್ಟರಿಲ್ಲ. ಅಂಥದ್ದನ್ನು ಕೊಂಡು ತಂದು ಸದ್ದು ಬರಲಿಲ್ಲವೆಂದು ವಾಪಸ್ ಕಳಿಸಿದರೆ ಅದು ಕೀಬೋರ್ಡಿನ ತಪ್ಪಲ್ಲ.

ಸದ್ದು ಇಲ್ಲದಿರುವುದರಿಂದಲೇ ಮಿಡಿ ಇಷ್ಟು ಹಗುರ. ಸಿ.ಡಿ. ಗುಣಮಟ್ಟದ ಧ್ವನಿಗೆ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಬೇಕು. ಅದೇ ಒಂದು ಇಡೀ ಹಾಡಿನ ಮಿಡಿ ಫೈಲ್ ಸಾಮಾನ್ಯವಾಗಿ ಕೆಲವೇ ಕೆಬಿಗಳಲ್ಲಿ ಮುಗಿಯುತ್ತದೆ. ಹಿಂದೆ ನಮ್ಮ ಮೊಬೈಲುಗಳಲ್ಲಿ ಬರುತ್ತಿದ್ದ ಪಾಲಿಫೋನಿಕ್ ರಿಂಗ್‌ಟೋನ್‌ಗಳು ಜ್ಞಾಪಕವಿದೆಯೇ? ಅವು ಪುಟ್ಟ ಮೆಮೊರಿಯೊಳಗೆ ಹಿಡಿಸುತ್ತಿದ್ದುದು ಮಿಡಿಯಿಂದಾಗಿಯೇ.

ಎರಡು ಕಂಪನಿಗಳು ಕೈಕುಲುಕಿದ ಕತೆ

1980ರ ದಶಕದ ಆರಂಭದವರೆಗೂ ಒಂದು ಕಂಪನಿಯ ಸಿಂಥಸೈಜರ್‌ನಿಂದ ಇನ್ನೊಂದು ಕಂಪನಿಯದನ್ನು ನುಡಿಸುವುದು ದೊಡ್ಡ ತಲೆನೋವಾಗಿತ್ತು. ಒಬ್ಬೊಬ್ಬರದೂ ಒಂದೊಂದು ಭಾಷೆ. ಅಮೆರಿಕದ ಸೀಕ್ವೆನ್ಶಿಯಲ್ ಸರ್ಕ್ಯುಟ್ಸ್ ಕಂಪನಿಯ ಡೇವ್ ಸ್ಮಿತ್ ಮತ್ತು ಜಪಾನಿನ ರೋಲೆಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಒಂದು ಸಾಮಾನ್ಯ ಭಾಷೆಗಾಗಿ ಮುಂದಾಳತ್ವ ವಹಿಸಿದರು. 1983ರ ಜನವರಿಯಲ್ಲಿ ಅಮೆರಿಕದಲ್ಲಿ ನಡೆದ ಸಂಗೀತೋಪಕರಣಗಳ ಮೇಳದಲ್ಲಿ ಸೀಕ್ವೆನ್ಶಿಯಲ್‌ನ ಪ್ರಾಫೆಟ್-600 ಮತ್ತು ರೋಲೆಂಡ್‌ನ ಜುಪಿಟರ್-6 ಸಿಂಥಸೈಜರ್‌ಗಳನ್ನು ಒಂದು ಕೇಬಲ್‌ನಿಂದ ಜೋಡಿಸಿ ತೋರಿಸಲಾಯಿತು. ಒಂದನ್ನು ನುಡಿಸಿದರೆ ಇನ್ನೊಂದು ಮಾರುತ್ತರ ಕೊಟ್ಟಿತು! ಈ ಕೆಲಸಕ್ಕಾಗಿ ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಗೌರವ ದೊರೆಯಿತು.

ನಲವತ್ತು ವರ್ಷ ದಾಟಿದರೂ ಮಿಡಿಯ ಮೂಲ ನಿಯಮಗಳು ಇಂದಿಗೂ ಬಳಕೆಯಲ್ಲಿವೆ. 2020ರಲ್ಲಿ ಮಿಡಿ 2.0 ಬಂದಿದೆ, ಆದರೆ ಅದು ಹಳೆಯದನ್ನು ಬಿಟ್ಟುಕೊಟ್ಟಿಲ್ಲ. ಆಗಿನ ಸಿಂಥಸೈಜರ್ ಅರ್ಥಮಾಡಿಕೊಳ್ಳುತ್ತಿದ್ದ ಸಂದೇಶವನ್ನೇ ನಿಮ್ಮ ಟ್ಯಾಬ್ಲೆಟ್‌ನ ಆ್ಯಪ್ ಕೂಡ ಅರ್ಥಮಾಡಿಕೊಳ್ಳುತ್ತದೆ.

ಒಂದು ಸಂದೇಶದೊಳಗೆ ಏನೇನಿದೆ?

ಸ್ವರ ಶುರುಮಾಡುವ ಸಂದೇಶದಲ್ಲಿ ಇರುವುದು ಮೂರೇ ಬೈಟ್. ಮೊದಲನೆಯದು ಏನು ಮಾಡಬೇಕು, ಯಾವ ಚಾನಲ್‌ಗೆ ಎಂದು ಹೇಳುತ್ತದೆ. ಎರಡನೆಯದು ಯಾವ ಸ್ವರ ಎನ್ನುತ್ತದೆ. ಮೂರನೆಯದು ಎಷ್ಟು ಜೋರಾಗಿ ಒತ್ತಿದ್ದೀರಿ ಎನ್ನುತ್ತದೆ.

ಸ್ವರಗಳಿಗೆ 0ರಿಂದ 127ರವರೆಗೆ ಸಂಖ್ಯೆಗಳಿವೆ. ಪಿಯಾನೋದ ನಡುವಿನ ‘ಸಿ’ಗೆ 60. ಅದನ್ನೇ ಮಧ್ಯಸ್ಥಾಯಿಯ ಷಡ್ಜ ಎಂದಿಟ್ಟುಕೊಂಡರೆ ಪಂಚಮಕ್ಕೆ 67, ತಾರಷಡ್ಜಕ್ಕೆ 72. ಒಂದೊಂದು ಸ್ವರಸ್ಥಾನಕ್ಕೂ ಒಂದೊಂದು ಅಂಕಿ ಹೆಚ್ಚು, ಅಷ್ಟೇ ಲೆಕ್ಕ.

ಚಾನಲ್‌ಗಳು ಒಟ್ಟು 16. ಇವು ಹೋಟೆಲಿನ ಕೌಂಟರುಗಳಿದ್ದ ಹಾಗೆ. ಕಾಫಿ ಕೌಂಟರಿಗೆ ಕೂಗಿದ ಆರ್ಡರನ್ನು ದೋಸೆ ಕೌಂಟರಿನವರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೀಬೋರ್ಡ್ 1ನೇ ಚಾನಲ್‌ನಲ್ಲಿ ಕಳಿಸುತ್ತಿದ್ದು, ಆ್ಯಪ್ 2ನೇ ಚಾನಲ್‌ಗೆ ಕಿವಿಗೊಟ್ಟಿದ್ದರೆ ಎಲ್ಲವೂ ಸರಿಯಾಗಿ ಜೋಡಿಸಿದ್ದರೂ ಮೌನವೇ ಗತಿ. ಎಲ್ಲ 16ಕ್ಕೂ ಕಿವಿಗೊಡುವ ಸ್ಥಿತಿಗೆ ‘ಓಮ್ನಿ’ ಎಂದು ಹೆಸರು.

ಟ್ಯಾಬ್ಲೆಟ್‌ನೊಳಗೆ ಕೇಬಲ್ ಎಲ್ಲಿದೆ?

ಹಳೆಯ ಕಾಲದಲ್ಲಿ ದಾರಿ ಕಣ್ಣಿಗೆ ಕಾಣುತ್ತಿತ್ತು. ಐದು ಪಿನ್ನಿನ ಕೇಬಲ್‌ನ ಒಂದು ತುದಿ ಕಳಿಸುವ ವಾದ್ಯಕ್ಕೆ, ಇನ್ನೊಂದು ತುದಿ ಪಡೆಯುವ ವಾದ್ಯಕ್ಕೆ. ಟ್ಯಾಬ್ಲೆಟ್‌ನಲ್ಲಿ ಎರಡೂ ‘ವಾದ್ಯ’ಗಳು ಒಂದೇ ಗಾಜಿನ ಹಿಂದಿರುವ ಆ್ಯಪ್‌ಗಳು. ಕೇಬಲ್ ಕಾಣುವುದಿಲ್ಲ, ಆದರೆ ಅದರ ಕೆಲಸವನ್ನು ಯಾರಾದರೂ ಮಾಡಲೇಬೇಕು. ಅದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ವರ್ಚುವಲ್ ಪೋರ್ಟ್. ಐಪ್ಯಾಡ್‌ನ ಕಾರ್ಯಾಚರಣ ವ್ಯವಸ್ಥೆಯೊಳಗೆ ‘ಕೋರ್ ಮಿಡಿ’ ಎಂಬ ಅಂಚೆ ಕಚೇರಿಯಿದೆ. ಅದು 2010ರ ಕೊನೆಯಲ್ಲಿ, ಐಓಎಸ್ 4.2ರೊಂದಿಗೆ ಬಂತು. ಆ್ಯಪ್‌ಗಳು ಅಲ್ಲಿ ತಮ್ಮ ಹೆಸರಿನ ಪೆಟ್ಟಿಗೆ ಇಟ್ಟುಕೊಳ್ಳಬಹುದು. ಒಂದು ಆ್ಯಪ್‌ನ ಮಿಡಿ ಸೆಟ್ಟಿಂಗ್ ತೆರೆದಾಗ ಕಾಣುವ ಬೇರೆ ಆ್ಯಪ್‌ಗಳ ಹೆಸರುಗಳು ಇವೇ. ಯಾವ ಪೆಟ್ಟಿಗೆಗೆ ಹಾಕಬೇಕೆಂದು ನೀವು ಟಿಕ್ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಇಂಥ ಏರ್ಪಾಡು 6.0 ಆವೃತ್ತಿಯಿಂದ, ಅಂದರೆ 2015ರಿಂದ ಇದೆ. ಆದರೆ ಐಪ್ಯಾಡ್‌ನಲ್ಲಿ ಇರುವಷ್ಟು ಆ್ಯಪ್‌ಗಳು ಅಲ್ಲಿ ಇದನ್ನು ಬಳಸಿಕೊಂಡಿಲ್ಲ.

ಎರಡನೆಯದು ಆ್ಯಪ್‌ನೊಳಗೆ ಆ್ಯಪ್. ಐಪ್ಯಾಡ್‌ನಲ್ಲಿ ‘ಆಡಿಯೋ ಯೂನಿಟ್’ ಎಂಬ ವ್ಯವಸ್ಥೆ 2015ರಲ್ಲಿ ಬಂತು. ಎಯುಎಮ್‌ನಂತಹ ಒಂದು ಯಜಮಾನ ಆ್ಯಪ್ ತೆರೆದು, ಅದರೊಳಗೇ ಸಿಂಥ್, ಎಫೆಕ್ಟ್, ಸೀಕ್ವೆನ್ಸರ್‌ಗಳನ್ನು ಕೂರಿಸಬಹುದು. ಪ್ಲಗಿನ್‌ಗಳೇ ಮಿಡಿ ಕಳಿಸುವ ಸೌಕರ್ಯ 2017ರ ಐಓಎಸ್ 11ರಿಂದ ಸೇರಿತು. ಎಲ್ಲರೂ ಒಂದೇ ಸೂರಿನಡಿ ಇರುವುದರಿಂದ ಗೊಂದಲ ಕಡಿಮೆ. ಉಳಿಸಿಟ್ಟ ಫೈಲನ್ನು ಮತ್ತೆ ತೆರೆದರೆ ಜೋಡಣೆಯೂ ಹಾಗೆಯೇ ಮರಳುತ್ತದೆ.

ಮೂರನೆಯದು ಹೊರಗಿನಿಂದ ಬರುವ ದಾರಿ, ಯುಎಸ್‌ಬಿ ಅಥವಾ ಬ್ಲೂಟೂತ್. ಇಲ್ಲಿ ಒಂದು ಸಣ್ಣ ಎಡವಟ್ಟಿದೆ. ಬ್ಲೂಟೂತ್ ಮಿಡಿ ಕೀಬೋರ್ಡನ್ನು ಇಯರ್‌ಫೋನಿನ ಹಾಗೆ ಐಪ್ಯಾಡ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಜೋಡಿಸಲು ನೋಡಿದರೆ ಕೆಲಸವಾಗದಿರಬಹುದು. ಸಂಗೀತದ ಆ್ಯಪ್‌ನೊಳಗಿರುವ ‘ಬ್ಲೂಟೂತ್ ಮಿಡಿ’ ಎಂಬ ಆಯ್ಕೆಯಿಂದಲೇ ಅದನ್ನು ಜೋಡಿಸಬೇಕು.

ಒಂದು ಉದಾಹರಣೆ ಮಾಡಿ ನೋಡೋಣ

ಐಪ್ಯಾಡ್‌ನಲ್ಲಿ ಎಯುಎಮ್ ತೆರೆದಿದ್ದೇವೆ ಎಂದಿಟ್ಟುಕೊಳ್ಳಿ. ಅದರೊಳಗೆ ರೊಝೆಟಾ ಎಂಬ ಸೀಕ್ವೆನ್ಸರ್ ಗುಚ್ಛದ ಒಂದು ಪ್ಲಗಿನ್, ಜೊತೆಗೆ ಮಿನಿಮೂಗ್ ಮಾಡೆಲ್ ಡಿ ಎಂಬ ಸಿಂಥ್ ಆ್ಯಪ್.

ರೊಝೆಟಾ ಮಿಡಿ ಎಂದರೇನೆಂದು ಕಲಿಸುವ ಒಳ್ಳೆಯ ಮೇಷ್ಟ್ರು, ಏಕೆಂದರೆ ಅದು ತಾನಾಗಿ ಯಾವ ಸದ್ದನ್ನೂ ಮಾಡುವುದಿಲ್ಲ. ಮಿಡಿ ಸಂದೇಶಗಳನ್ನು ಹುಟ್ಟಿಸುವುದಷ್ಟೇ ಅದರ ಕೆಲಸ. ಅದನ್ನೊಂದೇ ಹಾಕಿಕೊಂಡು ಕೂತರೆ ಪರದೆಯ ಮೇಲೆ ಓಡಾಟ ಕಾಣುತ್ತದೆ, ಕಿವಿಗೆ ಏನೂ ಬೀಳುವುದಿಲ್ಲ.

ಈಗ ಎಯುಎಮ್‌ನ ಮಿಡಿ ಪಟ್ಟಿಯನ್ನು ತೆರೆಯಿರಿ. ಅದು ಅಡ್ಡ ಉದ್ದ ಸಾಲುಗಳ ಒಂದು ಚೌಕಟ್ಟು. ಕಳಿಸುವವರು ಒಂದು ಬದಿಗೆ, ಪಡೆಯುವವರು ಇನ್ನೊಂದು ಬದಿಗೆ. ರೊಝೆಟಾದ ಸಾಲು ಮಿನಿಮೂಗ್‌ನ ಸಾಲನ್ನು ಕೂಡುವ ಜಾಗದಲ್ಲಿ ಒಮ್ಮೆ ಮುಟ್ಟಿದರೆ ದಾರಿ ತೆರೆಯಿತು. ಪ್ಲೇ ಗುಂಡಿ ಒತ್ತಿ. ಯಜಮಾನ ಆ್ಯಪ್ ತಾಳ ಹಾಕಲು ಶುರುಮಾಡುವವರೆಗೂ ಇಂಥ ಸೀಕ್ವೆನ್ಸರ್‌ಗಳು ಸುಮ್ಮನೆ ಕಾಯುತ್ತಿರುತ್ತವೆ.

ಇಲ್ಲಿ ದಾರಿಗಳು ಎರಡು ಎಂಬುದನ್ನು ಗಮನಿಸಿ. ರೊಝೆಟಾದಿಂದ ಮಿನಿಮೂಗ್‌ಗೆ ಹೋದದ್ದು ಆರ್ಡರ್, ಅಂದರೆ ಮಿಡಿ. ಮಿನಿಮೂಗ್‌ನಿಂದ ಸ್ಪೀಕರ್‌ಗೆ ಹೋದದ್ದು ದೋಸೆ, ಅಂದರೆ ಧ್ವನಿ. ಸದ್ದು ಕೇಳದಿದ್ದರೆ ಕೆಟ್ಟಿರುವುದು ಇವೆರಡರಲ್ಲಿ ಯಾವುದು ಎಂದು ಮೊದಲು ಕೇಳಿಕೊಳ್ಳಬೇಕು. ಸಿಂಥ್ ಆ್ಯಪ್‌ನ ಪರದೆಯ ಮೇಲಿರುವ ಕೀಗಳನ್ನೇ ಬೆರಳಿನಿಂದ ಒತ್ತಿ ನೋಡಿ. ಸದ್ದು ಬಂದರೆ ಧ್ವನಿಯ ದಾರಿ ಸರಿಯಿದೆ, ತೊಂದರೆ ಮಿಡಿಯದು. ಬರದಿದ್ದರೆ ವಾಲ್ಯೂಮ್, ಸ್ಪೀಕರ್, ಇಯರ್‌ಫೋನ್ ಕಡೆ ನೋಡಿ. ಈ ಒಂದು ಪರೀಕ್ಷೆಯಿಂದ ಅರ್ಧ ಹುಡುಕಾಟ ತಪ್ಪುತ್ತದೆ.

ಸಾಮಾನ್ಯ ತೊಂದರೆಗಳು, ಅವುಗಳ ಕಾರಣಗಳು

ಬೇರೆ ಆ್ಯಪ್‌ಗೆ ಹೋದೊಡನೆ ಸದ್ದು ನಿಲ್ಲುತ್ತದೆ: ಬ್ಯಾಟರಿ ಉಳಿಸಲು ಟ್ಯಾಬ್ಲೆಟ್ ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮಲಗಿಸುತ್ತದೆ. ಭಟ್ಟರು ನಿದ್ದೆ ಹೋದರೆ ಎಷ್ಟು ಕೂಗಿದರೂ ದೋಸೆ ಬರುವುದಿಲ್ಲ. ಸಿಂಥ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ‘ಬ್ಯಾಕ್‌ಗ್ರೌಂಡ್ ಆಡಿಯೋ’ ಎಂಬ ಆಯ್ಕೆ ಇದ್ದರೆ ಅದನ್ನು ಆನ್ ಮಾಡಿ.

ಒಂದು ಕೀಗೆ ಎರಡೆರಡು ಸದ್ದು: ಒಂದೇ ಆರ್ಡರ್ ಇಬ್ಬರು ಭಟ್ಟರ ಕಿವಿಗೆ ಬಿದ್ದಿದೆ, ಅಥವಾ ಒಬ್ಬರಿಗೇ ಎರಡು ದಾರಿಯಲ್ಲಿ ತಲುಪಿದೆ. ಉದಾಹರಣೆಗೆ, ಕೀಬೋರ್ಡಿನ ಸಂದೇಶ ಸಿಂಥ್‌ಗೆ ನೇರವಾಗಿ ಒಮ್ಮೆ, ಸೀಕ್ವೆನ್ಸರ್ ಮೂಲಕ ಇನ್ನೊಮ್ಮೆ ಹೋಗುತ್ತಿರಬಹುದು. ಒಂದು ದಾರಿ ಮುಚ್ಚಿ. ಸ್ವಂತ ಸದ್ದಿರುವ ಕೀಬೋರ್ಡಾಗಿದ್ದರೆ ಅದರಲ್ಲಿ ‘ಲೋಕಲ್ ಕಂಟ್ರೋಲ್’ ಎಂಬ ಆಯ್ಕೆಯನ್ನು ಹುಡುಕಿ ಆಫ್ ಮಾಡಿ. ಆಗ ಕೀಗಳು ಸಂದೇಶ ಕಳಿಸುತ್ತವೆ, ಒಳಗಿನ ಸದ್ದನ್ನು ನೇರವಾಗಿ ನುಡಿಸುವುದಿಲ್ಲ.

ಸ್ವರ ನಿಲ್ಲದೆ ಎಳೆಯುತ್ತಲೇ ಇರುತ್ತದೆ: ಶುರುಮಾಡು ಎಂಬ ಸಂದೇಶ ತಲುಪಿದೆ, ನಿಲ್ಲಿಸು ಎಂಬುದು ತಲುಪಿಲ್ಲ. ಕೀ ಒತ್ತಿರುವಾಗಲೇ ಚಾನಲ್ ಬದಲಿಸಿದರೆ, ದಾರಿ ಕಡಿದರೆ ಅಥವಾ ಬ್ಲೂಟೂತ್ ತಪ್ಪಿದರೆ ಹೀಗಾಗುತ್ತದೆ. ಇಂಥ ಪರಿಸ್ಥಿತಿಗೆಂದೇ ಮಿಡಿಯಲ್ಲಿ ‘ಎಲ್ಲ ಸ್ವರಗಳೂ ನಿಲ್ಲಲಿ’ ಎಂಬ ಆಜ್ಞೆಯಿದೆ. ಅದರ ಸಂಖ್ಯೆ 123. ಅನೇಕ ಆ್ಯಪ್‌ಗಳಲ್ಲಿ ಇದಕ್ಕೆ ‘ಪ್ಯಾನಿಕ್’ ಎಂಬ ಗುಂಡಿ ಇರುತ್ತದೆ. ವೇದಿಕೆ ಹತ್ತುವವರು ಅದು ಎಲ್ಲಿದೆಯೆಂದು ಮೊದಲೇ ನೋಡಿಟ್ಟುಕೊಳ್ಳುವುದು ಒಳ್ಳೆಯದು. ಸಭೆಯ ಮುಂದೆ ಒಂದೇ ಸ್ವರ ಕೊರೆಯುತ್ತಿರುವಾಗ ಹುಡುಕಲು ಸಮಯ ಇರುವುದಿಲ್ಲ.

ಸಂದೇಶಗಳ ಸುಳಿ: ಮೊದಲ ಆ್ಯಪ್ ಎರಡನೆಯದಕ್ಕೆ ಕಳಿಸುತ್ತದೆ, ಎರಡನೆಯದು ಅದನ್ನೇ ಮೊದಲನೆಯದಕ್ಕೆ ವಾಪಸ್ ಕಳಿಸುತ್ತದೆ. ಒಂದೇ ಫಾರ್‌ವರ್ಡ್ ಮೆಸೇಜ್ ಎರಡು ಗ್ರೂಪುಗಳ ನಡುವೆ ಸುತ್ತುತ್ತಲೇ ಇರುವ ಹಾಗೆ! ಸದ್ದು ಕರ್ಕಶವಾಗಬಹುದು, ಆ್ಯಪ್ ನಿಂತೇ ಹೋಗಬಹುದು. ಚೌಕಟ್ಟಿನಲ್ಲಿ ಹೋಗುವ ದಾರಿಯ ಜೊತೆಗೆ ಬರುವ ದಾರಿಯೂ ತೆರೆದಿದೆಯೇ ನೋಡಿ, ಒಂದನ್ನು ಮುಚ್ಚಿ.

ಎರಡು ಆ್ಯಪ್‌ಗಳ ತಾಳ ಕೂಡುವುದಿಲ್ಲ: ಇಬ್ಬರೂ ತಾಳ ಹಾಕುತ್ತಿದ್ದಾರೆ. ಒಬ್ಬರು ಹಾಕಬೇಕು, ಉಳಿದವರು ಅನುಸರಿಸಬೇಕು. ಮಿಡಿ ಕ್ಲಾಕ್ ಎಂಬ ಸಂದೇಶ ಒಂದು ಕ್ವಾರ್ಟರ್ ನೋಟ್ ಅವಧಿಯಲ್ಲಿ 24 ಬಾರಿ ಹೋಗುತ್ತದೆ. ಅದನ್ನು ಒಂದು ಆ್ಯಪ್ ಮಾತ್ರ ಕಳಿಸುವಂತೆ ನೋಡಿಕೊಳ್ಳಿ. ‘ಏಬಲ್ಟನ್ ಲಿಂಕ್’ ಇರುವ ಆ್ಯಪ್‌ಗಳು ಬೇರೆ ವಿಧಾನದಿಂದ ಲಯ ಹೊಂದಿಸಿಕೊಳ್ಳುತ್ತವೆ. ಆದರೆ ಅದು ಸ್ವರಗಳನ್ನು ಸಾಗಿಸುವುದಿಲ್ಲ.

ಕೀ ಒತ್ತಿದ ಮೇಲೆ ತಡವಾಗಿ ಸದ್ದು: ಇದರ ಅಪವಾದ ಬರುವುದು ಮಿಡಿಯ ಮೇಲೆ. ಆದರೆ ಹಳೆಯ ಐದು ಪಿನ್ನಿನ ಕೇಬಲ್‌ನಲ್ಲೂ ಒಂದು ಸಂದೇಶ ಸಾಗಲು ಬೇಕಾದದ್ದು ಸುಮಾರು 1 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ. ತಡವಾಗುವುದು ಹೆಚ್ಚಾಗಿ ಧ್ವನಿಯ ದಾರಿಯಲ್ಲಿ. ಬ್ಲೂಟೂತ್ ಸ್ಪೀಕರ್, ಇಯರ್‌ಫೋನ್‌ಗಳಲ್ಲಿ ಈ ವಿಳಂಬ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟುತ್ತದೆ. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿಗೆ ಸುಮಾರು 34 ಮೀಟರ್ ಹೋಗಿರುತ್ತದೆ. ಸ್ಪೀಕರ್ ಅಷ್ಟು ದೂರದಲ್ಲಿಟ್ಟು ನುಡಿಸಿದರೆ ಹೇಗೋ ಹಾಗೆ! ಹಾಡು ಕೇಳಲು ಇದರಿಂದ ತೊಂದರೆಯಿಲ್ಲ, ನುಡಿಸಲು ಆಗದು. ತಂತಿಯಿರುವ ಇಯರ್‌ಫೋನ್ ಬಳಸಿ. ಆಮೇಲೂ ತಡ ಅನ್ನಿಸಿದರೆ ಆ್ಯಪ್‌ನ ‘ಬಫರ್’ ಸಂಖ್ಯೆ ಕಡಿಮೆ ಮಾಡಿ ನೋಡಿ. ತೀರಾ ಕಡಿಮೆ ಮಾಡಿದರೆ ಸದ್ದು ಚಟಪಟ ಅನ್ನಲು ಶುರುವಾಗುತ್ತದೆ.

ಗಮಕ ಬರುತ್ತದೆಯೇ?

ಕೀಬೋರ್ಡ್ ನುಡಿಸುವ ನಮ್ಮ ಸಂಗೀತಗಾರರು ಕೇಳುವ ಪ್ರಶ್ನೆ ಇದು. ಮಿಡಿಯಲ್ಲಿ ಸ್ವರಗಳು ಮೆಟ್ಟಿಲಿನಂತೆ, ಒಂದರಿಂದ ಇನ್ನೊಂದಕ್ಕೆ ಜಿಗಿತ. ಅವುಗಳ ನಡುವೆ ಜಾರಲು ‘ಪಿಚ್ ಬೆಂಡ್’ ಎಂಬ ಬೇರೆ ಸಂದೇಶವಿದೆ. ಅದರಲ್ಲಿ 16,384 ಹಂತಗಳಿರುವುದರಿಂದ ಜಾರು ಸಾಕಷ್ಟು ನುಣುಪಾಗಿಯೇ ಬರುತ್ತದೆ.

ತೊಂದರೆ ಬರುವುದು ಎರಡು ಕಡೆ. ಅನೇಕ ಸಿಂಥ್‌ಗಳಲ್ಲಿ ಪಿಚ್ ಬೆಂಡ್‌ನ ವ್ಯಾಪ್ತಿ ಮೊದಲಿಗೆ ಮೇಲೆ ಎರಡು, ಕೆಳಗೆ ಎರಡು ಸ್ವರಸ್ಥಾನಕ್ಕೆ ಇರುತ್ತದೆ. ಷಡ್ಜದಿಂದ ಶುದ್ಧ ಮಧ್ಯಮದವರೆಗೆ ಐದು ಸ್ವರಸ್ಥಾನ, ಅಷ್ಟು ದೂರ ಜಾರಲು ಇದು ಸಾಲದು. ಪಡೆಯುವ ಆ್ಯಪ್‌ನಲ್ಲಿ ವ್ಯಾಪ್ತಿ ಹಿಗ್ಗಿಸಬೇಕು. ಕಳಿಸುವ ಕಡೆಯಲ್ಲೂ ಈ ವ್ಯಾಪ್ತಿಯನ್ನು ಕೇಳುವ ಸೆಟ್ಟಿಂಗ್ ಇದ್ದರೆ ಎರಡೂ ಕಡೆ ಒಂದೇ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಗಮಕ ಬೇರೆ ಸ್ವರಕ್ಕೆ ಹೋಗಿ ಮುಟ್ಟುತ್ತದೆ.

ಎರಡನೆಯದಾಗಿ, ಪಿಚ್ ಬೆಂಡ್ ಇಡೀ ಚಾನಲ್‌ಗೆ ಅನ್ವಯಿಸುತ್ತದೆ. ಪಂಚಮ ಹಿಡಿದಿಟ್ಟು ಗಾಂಧಾರವನ್ನು ಮಾತ್ರ ಆಂದೋಲಿಸಲು ಹೋದರೆ ಪಂಚಮವೂ ತೂಗಾಡುತ್ತದೆ! ಇದಕ್ಕೆ ಪರಿಹಾರವಾಗಿ 2018ರಲ್ಲಿ ‘ಎಂಪಿಇ’ ಎಂಬ ನಿಯಮ ಬಂತು. ಅದರಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಚಾನಲ್ ಸಿಗುತ್ತದೆ, ಹಾಗಾಗಿ ಪ್ರತಿ ಸ್ವರಕ್ಕೂ ಅದರದೇ ಗಮಕ. ಎಂಪಿಇ ಬಳಸುವಾಗ ದಾರಿಯ ನಡುವೆ ಎಲ್ಲವನ್ನೂ 1ನೇ ಚಾನಲ್‌ಗೆ ಒಟ್ಟುಗೂಡಿಸುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ.

ನಂಬಬೇಡಿ: ಮೂರು ಮಾತುಗಳು

“ದುಬಾರಿ ಕೇಬಲ್ ಹಾಕಿದರೆ ಮಿಡಿ ಸದ್ದು ಚೆನ್ನಾಗಿ ಬರುತ್ತದೆ” – ತಪ್ಪು. ಮಿಡಿ ಕೇಬಲ್‌ನಲ್ಲಿ ಹೋಗುವುದು ಸಂಖ್ಯೆಗಳು. ಅವು ತಲುಪುತ್ತವೆ, ಇಲ್ಲವೇ ತಲುಪುವುದಿಲ್ಲ. ಕೇಬಲ್ ಕೆಟ್ಟಿದ್ದರೆ ಸ್ವರ ತಪ್ಪಬಹುದು, ನಾದ ಕೆಡುವುದಿಲ್ಲ. ಒಂದು ಎಚ್ಚರ: ಚಾರ್ಜಿಂಗ್‌ಗೆ ಮಾತ್ರವೆಂದು ಮಾಡಿದ ಯುಎಸ್‌ಬಿ ಕೇಬಲ್‌ನಲ್ಲಿ ಮಾಹಿತಿ ಹೋಗುವುದೇ ಇಲ್ಲ.

“ಮಿಡಿ ಫೈಲಿನ ಹೆಸರಿನ ಕೊನೆ ಬದಲಿಸಿದರೆ ಎಂಪಿ3 ಆಗುತ್ತದೆ” – ಆಗುವುದಿಲ್ಲ. ಅಡುಗೆ ಪುಸ್ತಕಕ್ಕೆ ‘ಬಿಸಿಬೇಳೆಬಾತ್’ ಎಂದು ರಟ್ಟು ಹಾಕಿದರೆ ಹೊಟ್ಟೆ ತುಂಬುತ್ತದೆಯೇ? ಯಾವುದಾದರೂ ವಾದ್ಯ ಅಥವಾ ಆ್ಯಪ್ ಅದನ್ನು ನುಡಿಸಿ, ಆ ಧ್ವನಿಯನ್ನು ರೆಕಾರ್ಡ್ ಮಾಡಿದಾಗಲೇ ಅದು ಎಂಪಿ3.

“ಮಿಡಿ ಅಂದರೆ ಕಳಪೆ, ಆಟಿಕೆಯ ಸದ್ದು” – ಇದು ಹಳೆಯ ಫೋನುಗಳು ಬಿಟ್ಟುಹೋದ ಅಭಿಪ್ರಾಯ. 1991ರ ‘ಜನರಲ್ ಮಿಡಿ’ ನಿಯಮದಲ್ಲಿ 128 ವಾದ್ಯಗಳ ಪಟ್ಟಿಯಿದೆ. ಅದರಲ್ಲಿ 105ನೆಯದು ಸಿತಾರ್, 112ನೆಯದು ಶಹನಾಯ್. ಫೈಲ್ ಹೇಳುವುದು “105 ನುಡಿಸು” ಎಂದಷ್ಟೇ. ಆ ಸಿತಾರ್ ಆಟಿಕೆಯಂತಿರಬೇಕೇ ನಿಜದಂತಿರಬೇಕೇ ಎಂಬುದು ನುಡಿಸುವ ಉಪಕರಣಕ್ಕೆ ಬಿಟ್ಟದ್ದು. ಆರ್ಡರ್ ಒಂದೇ, ಭಟ್ಟರ ಕೈಗುಣ ಬೇರೆ.

ಹೊಸದು ಕೊಳ್ಳುವ ಮೊದಲು ಐದು ಪ್ರಶ್ನೆ

ಸದ್ದು ಬರದಿದ್ದಾಗ ಇವನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ.

1. ಸಿಂಥ್ ಆ್ಯಪ್‌ನ ಪರದೆಯನ್ನೇ ಮುಟ್ಟಿದರೆ ಸದ್ದು ಬರುತ್ತದೆಯೇ?
2. ಕಳಿಸುವವರು ಯಾರು? ಅವರು ನಿಜವಾಗಿ ಕಳಿಸುತ್ತಿದ್ದಾರೆಯೇ? ಕೀ ಒತ್ತಿದಾಗ ಆ್ಯಪ್‌ನಲ್ಲಿ ಮಿಡಿ ದೀಪ ಮಿನುಗುತ್ತದೆಯೇ ನೋಡಿ.
3. ಪಡೆಯುವವರು ಯಾರು? ಇಬ್ಬರ ನಡುವೆ ದಾರಿ ತೆರೆದಿದೆಯೇ?
4. ಎರಡೂ ಕಡೆ ಚಾನಲ್ ಒಂದೇ ಇದೆಯೇ? ಅನುಮಾನವಿದ್ದರೆ ಪಡೆಯುವ ಕಡೆ ಓಮ್ನಿ ಹಾಕಿ.
5. ಪಡೆಯುವ ಆ್ಯಪ್ ಎಚ್ಚರವಾಗಿದೆಯೇ, ಹಿನ್ನೆಲೆಯಲ್ಲಿ ಮಲಗಿದೆಯೇ?

ಈ ಐದಕ್ಕೂ ಉತ್ತರ ಸರಿಯಿದ್ದು ಸದ್ದು ಬರದಿದ್ದರೆ ಆಗ ಕೇಬಲ್ ಬದಲಿಸಿ ನೋಡಿ, ಕೀಬೋರ್ಡನ್ನು ಬೇರೆ ಸಾಧನಕ್ಕೆ ಜೋಡಿಸಿ ಪರೀಕ್ಷಿಸಿ. ಅಲ್ಲಿಯೂ ಮೌನವೇ ಆದರೆ ರಿಪೇರಿಯ ಮಾತು. ಗ್ರೂಪಿನಲ್ಲಿ ಯಾರಾದರೂ “ಕೀಬೋರ್ಡ್ ಕೆಟ್ಟಿದೆ, ವಾಪಸ್ ಕಳಿಸಲೇ?” ಎಂದು ಕೇಳಿದರೆ ಮೊದಲು ಈ ಐದು ಪ್ರಶ್ನೆಗಳನ್ನು ಕಳಿಸಿ.